ಸುತ್ತುವವರೂ ನೀರೆರೆಯುವವರೂ



ಮಳೆಗಾಲವು ಸಮೀಪಿಸಿದೊಡನೆ ಊರೂರುಗಳಲ್ಲಿಯೂ ಸಸಿ ನೆಡುವ ಮಾತು ಕೇಳಿಬರುತ್ತದೆ. ಯಾರೋ ಧರ್ಮಬುದ್ಧಿಯುಳ್ಳವರು ಸಸಿಗಳನ್ನು ಕೊಡುತ್ತಾರೆ. ಊರವರು ಕೂಡಿ ಗೋಮಾಳದಲ್ಲಿಯೋ, ರುದ್ರಭೂಮಿಯಲ್ಲಿಯೋ, ಕೆರೆಯಂಗಳದ ಅಂಚಿನಲ್ಲಿಯೋ ಅವನ್ನು ನೆಡುತ್ತಾರೆ. ಇದು ಸತ್ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಪಾಠಶಾಲೆಯ ವಚನಗೋಷ್ಠಿಯಲ್ಲಿ ವಿದ್ಯಾರ್ಥಿಯೊಬ್ಬನು ಈ ಕುರಿತು ಒಂದು ಶಂಕೆಯನ್ನು ಎತ್ತಿದನು. ಅದು ಕೇವಲ ಬಾಲಿಶವಾದ ಪ್ರಶ್ನೆಯಲ್ಲ. "ಗುರುಗಳೇ, ಮರವನ್ನು ಪ್ರದಕ್ಷಿಣೆ ಮಾಡುವವರನ್ನು ಬಸವಣ್ಣನವರು ಒಪ್ಪಲಿಲ್ಲ. ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದರು. ಶಾಸ್ತ್ರದಲ್ಲಿ ಗಿಡಮರಗಳಿಗೆ ಸ್ಥಾವರವೆಂದೇ ಹೆಸರು. ಹೀಗಿರಲು ಊರ ಮರಕ್ಕಾಗಿ ಬೆವರು ಸುರಿಸುವುದು ಶರಣಮಾರ್ಗಕ್ಕೆ ಹೇಗೆ ಹೊಂದುತ್ತದೆ?" ಎಂಬುದು ಅವನ ಪ್ರಶ್ನೆ.

ಹುಡುಗನು ಹೇಳಿದುದು ನಿಜವೇ. ತೀರ್ಥಸ್ನಾನಕ್ಕೂ ವೃಕ್ಷಪ್ರದಕ್ಷಿಣೆಗೂ ಪುಣ್ಯವನ್ನು ಅಂಟಿಸಿಕೊಂಡವರನ್ನು ಬಸವಣ್ಣನವರು ಒಂದು ವಚನದಲ್ಲಿ ನೇರವಾಗಿ ಆಕ್ಷೇಪಿಸಿದ್ದಾರೆ. ಕಾಲಕ್ರಮದಲ್ಲಿ ನಾಶವಾಗತಕ್ಕ ವಸ್ತುಗಳನ್ನೇ ನೆಚ್ಚಿಕೊಂಡವನು ಶಿವನನ್ನು ಅರಿಯುವ ಬಗೆ ಎಂತು, ಎಂಬುದು ಅದರ ತಾತ್ಪರ್ಯ. ಆದರೆ ಅದೇ ಬಸವಣ್ಣನವರು ಇನ್ನೊಂದು ವಚನದಲ್ಲಿ ಅದೇ ಮರವನ್ನು ದೃಷ್ಟಾಂತವಾಗಿ ಎತ್ತಿಕೊಂಡು, ವೃಕ್ಷವು ಉಣ್ಣುವುದು ಬುಡದಿಂದ, ಅಲ್ಲಿ ಎರೆದುದು ಮೇಲೆ ಚಿಗುರಾಗಿ ಕಾಣಿಸಿಕೊಳ್ಳುತ್ತದೆ, ಅಂತೆಯೇ ಲಿಂಗಕ್ಕೆ ಸಲ್ಲಿಸಬೇಕಾದುದನ್ನು ಜಂಗಮದ ಮೂಲಕ ಸಲ್ಲಿಸು ಎಂಬ ಅರ್ಥವನ್ನು ಬೋಧಿಸಿದ್ದಾರೆ. ಈ ಎರಡು ವಚನಗಳನ್ನು ಬೇರೆಬೇರೆಯಾಗಿ ಓದುವುದು ನಮ್ಮ ಅಭ್ಯಾಸ. ಇವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿರಿ. ಒಂದರಲ್ಲಿ ಮರದ ಸುತ್ತ ಸುತ್ತುವವನಿದ್ದಾನೆ. ಮತ್ತೊಂದರಲ್ಲಿ ಮರದ ಬುಡಕ್ಕೆ ನೀರೆರೆಯುವವನಿದ್ದಾನೆ. ಮೊದಲನೆಯವನು ಮರದಿಂದ ಏನನ್ನೋ ಬೇಡುತ್ತಾನೆ, ಮರಕ್ಕೆ ಏನನ್ನೂ ಕೊಡುವುದಿಲ್ಲ. ಎರಡನೆಯವನು ಏನನ್ನೂ ಬೇಡುವುದಿಲ್ಲ. ಕೊಡವನ್ನು ಬಗ್ಗಿಸಿ ಮುಂದಿನ ಮರಕ್ಕೆ ನಡೆಯುತ್ತಾನೆ. ಬಸವಣ್ಣನವರಿಗೆ ಒಪ್ಪಿಗೆಯಾಗದವನು ಯಾರು, ಒಪ್ಪಿಗೆಯಾದವನು ಯಾರು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಇನ್ನು ಸ್ಥಾವರವೆಂಬ ಪದದ ವಿಚಾರ. ಮರವು ನಿಂತಲ್ಲಿಯೇ ನಿಲ್ಲುವುದರಿಂದ ಶಾಸ್ತ್ರಕಾರರು ಅದನ್ನು ಸ್ಥಾವರವೆಂದರು. ವಚನಕಾರರು ಸ್ಥಾವರವೆಂದು ಕಡೆಗಣಿಸಿದುದಾದರೋ ಉಳ್ಳವನು ತನ್ನ ಹಿರಿಮೆಯನ್ನು ಕಲ್ಲಿನಲ್ಲಿ ನಿಲ್ಲಿಸಿ, ಅದನ್ನೇ ಧರ್ಮವೆಂದು ಭ್ರಮಿಸುವ ಜಡತ್ವವನ್ನು. ನಿಂತಿದ್ದೂ ಹಕ್ಕಿಗೆ ಹಣ್ಣನ್ನೂ, ದನಕ್ಕೆ ನೆರಳನ್ನೂ, ನೆಲಕ್ಕೆ ತರಗೆಲೆಯನ್ನೂ ಕೊಡುವ ಮರವನ್ನು ಆ ಅರ್ಥದಲ್ಲಿ ಸ್ಥಾವರವೆನ್ನುವುದು ಕೋಶವನ್ನು ಓದಿ ವಚನವನ್ನು ಮರೆತಂತೆ.

ಈ ಮಾತನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವುಂಟು. ಸುತ್ತುವವರು ಇಂದಿಗೂ ಇದ್ದಾರೆ. ರೂಪ ಮಾತ್ರ ಬದಲಾಗಿದೆ. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಾಗ ಅವರ ಆಶಯವು ದೊಡ್ಡದಾಗಿತ್ತು. ಆದರೆ ಎಷ್ಟೋ ಕಡೆಗಳಲ್ಲಿ 'ವನ' ಹೋಗಿ 'ಮಹೋತ್ಸವ'ವೊಂದೇ ಉಳಿಯಿತು. ಚಪ್ಪರ, ಹಾರ, ಭಾಷಣ, ಛಾಯಾಚಿತ್ರ. ಮರುದಿನದಿಂದ ಸಸಿಯ ಕಡೆಗೆ ನೋಡುವವರಿಲ್ಲ. ನಾನು ಬಲ್ಲ ಒಂದು ಊರಿನಲ್ಲಿ ಕೊಟ್ಟವರ ಹೆಸರನ್ನು ಬರೆಸಿದ ಕಬ್ಬಿಣದ ಫಲಕಗಳು ಸಾಲಾಗಿ ನಿಂತಿದ್ದವು. ಒಂದೊಂದು ಫಲಕದ ಮುಂದೆಯೂ ಒಂದೊಂದು ಒಣಕಡ್ಡಿ ಇದ್ದಿತು. ಇದು ಪ್ರದಕ್ಷಿಣೆಗಿಂತ ಯಾವ ಬಗೆಯಲ್ಲಿ ಮೇಲು? ಪ್ರದಕ್ಷಿಣೆ ಮಾಡುವವನಾದರೂ ಬದುಕಿದ ಮರವನ್ನು ಸುತ್ತುತ್ತಾನೆ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ಮತ್ಸ್ಯಪುರಾಣದಲ್ಲಿ ಹತ್ತು ಬಾವಿಗಳಿಂದ ಮೊದಲುಮಾಡಿ ಹತ್ತು ಹತ್ತಾಗಿ ಏರಿಸುತ್ತ ಹೋಗಿ, ಕಡೆಗೆ ಹತ್ತು ಮಂದಿ ಮಕ್ಕಳಿಗೆ ಒಂದು ಮರ ಸಮವೆಂದು ಹೇಳಿದೆ. ಮಾತು ಸೊಗಸಾದುದೇ. ಆದರೆ ಅಲ್ಲಿ ಎಣಿಕೆಯುಂಟು, ಎಣಿಕೆಯ ಹಿಂದೆ ಪುಣ್ಯದ ಲೆಕ್ಕವುಂಟು. ದಾನವೆಂದರೆ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ಸೇವಕನು. ಮಾಡಿದೆನೆಂಬ ಭಾವವೇ ಅಲ್ಲಿ ದೋಷ. ಸಾರ್ವಜನಿಕ ನೆಲದಲ್ಲಿ ನೆಟ್ಟ ಮರವು ದಾಸೋಹಕ್ಕೆ ಸಹಜವಾಗಿಯೇ ಒಪ್ಪುತ್ತದೆ. ಏಕೆಂದರೆ ಅದರ ಹಣ್ಣನ್ನು ತಿನ್ನುವವನಾರು, ನೆರಳಿನಲ್ಲಿ ಕೂರುವವನಾರು ಎಂಬುದನ್ನು ಕೊಟ್ಟವನು ಅರಿಯಲಾರನು. ದಾರಿಹೋಕನು ನೆರಳಿಗೆ ಬಂದಾಗ ಮರವು ಅವನ ಕುಲವನ್ನು ಕೇಳುವುದಿಲ್ಲ. ನಿಮ್ಮ ಊರಿನಲ್ಲಿ ಸಸಿ ಕೊಟ್ಟವರಿದ್ದರೆ, ಅವರ ಹೆಸರನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆದಿಡಿರಿ. ಕೊಟ್ಟುದಕ್ಕೆ ಲೆಕ್ಕವಿರಬೇಕಾದುದು ನ್ಯಾಯ. ಫಲಕಕ್ಕೆ ಆಗುವ ಹಣದಲ್ಲಿ ಮುಳ್ಳುಬೇಲಿ ಕಟ್ಟಿಸುವುದು ಲೇಸು.

ಎಷ್ಟು ಸಸಿಗಳನ್ನು ಪಡೆಯಬೇಕು? ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗುತ್ತದೆ. ಮಾರಯ್ಯನವರು ಒಂದು ದಿನ ಬಸವಣ್ಣನವರ ಅಂಗಳದಿಂದ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿ ಅದನ್ನು ಒಳಗೆ ಸೇರಿಸಲಿಲ್ಲ. ನಮ್ಮ ಕಾಯಕಕ್ಕೆ ಸಲ್ಲುವಷ್ಟೇ ಸಾಕು, ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದರಂತೆ. ಐನೂರು ಸಸಿ ಕೊಡುತ್ತೇನೆಂದು ದಾನಿಯೊಬ್ಬನು ಬಂದಾಗ "ನಮ್ಮ ಕೈಯಲ್ಲಿ ಅರುವತ್ತಕ್ಕೆ ನೀರು ಹಾಕಲಾದೀತು, ಅರುವತ್ತೇ ಸಾಕು" ಎಂದು ಹೇಳುವ ಧೈರ್ಯವು ಊರಿಗೆ ಇರಬೇಕು. ಲೆಕ್ಕವನ್ನು ನೋಡಿರಿ. ಬೇಸಗೆಯಲ್ಲಿ ಸಸಿಯೊಂದಕ್ಕೆ ವಾರಕ್ಕೆ ಒಂದು ಕೊಡವೆಂದು ಇಟ್ಟುಕೊಂಡರೂ ಅರುವತ್ತು ಸಸಿಗೆ ಅರುವತ್ತು ಕೊಡ. ಓಣಿಯಲ್ಲಿ ಮೂವತ್ತು ಮನೆಗಳಿದ್ದರೆ ಮನೆಗೆ ಎರಡು ಕೊಡ. ಇದು ಯಾರಿಗೂ ಭಾರವಲ್ಲ. ಐನೂರಕ್ಕೆ ಹೋದಿರೋ, ಮನೆಗೆ ಹದಿನಾರು ಹದಿನೇಳು ಕೊಡವಾಗುತ್ತದೆ, ಯಾರೂ ಹೊರುವುದಿಲ್ಲ, ಐನೂರೂ ಸಾಯುತ್ತವೆ.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ಪ್ರತ್ಯಕ್ಷ ಪ್ರಮಾಣವಿದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರನ್ನು ಅರಿಯದವರಾರು? ಕಲ್ಲುಗಣಿಯಲ್ಲಿ ಕೂಲಿ ಮಾಡಿ ಬದುಕಿದ, ಅಕ್ಷರ ಕಲಿಯದ ತಾಯಿ. ಮಕ್ಕಳಾಗಲಿಲ್ಲವೆಂಬ ಕೊರಗಿನಲ್ಲಿ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟರು. ಅದು ಅವರ ಸ್ವಂತ ಹೊಲವಲ್ಲ, ಸರ್ಕಾರದ ರಸ್ತೆ. ಸಸಿಯನ್ನು ಹೊರಗಿನಿಂದ ತರಿಸಲಿಲ್ಲ. ಊರ ಸುತ್ತಲಿದ್ದ ಆಲದ ಮರಗಳಿಂದಲೇ ಮಾಡಿಕೊಂಡರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು ನೆಟ್ಟರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಇದನ್ನು ಗಮನಿಸಬೇಕು. ಸಾವಿರದ ಸಂಕಲ್ಪವಿಲ್ಲ, ಘೋಷಣೆಯಿಲ್ಲ; ಇಬ್ಬರು ಹೊತ್ತು ತರಬಹುದಾದ ನೀರಿಗೆ ತಕ್ಕಷ್ಟು ಸಸಿ. ಮೈಲಿಗಟ್ಟಲೆ ನೀರು ಹೊತ್ತರು. ದನ ಕುರಿಗಳು ಬಾಯಿಹಾಕದಂತೆ ಮುಳ್ಳು ಕಟ್ಟಿದರು. ಹೀಗೆ ಬೆಳೆದ ಮರಗಳ ಸಂಖ್ಯೆ 385 ಎಂದು ಪ್ರಸಿದ್ಧವಾಗಿದೆ. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. ಬಹುಕಾಲದ ಮೇಲೆ ಲೋಕವು ತಿಮ್ಮಕ್ಕನವರನ್ನು ಗುರುತಿಸಿತು. 2019ರಲ್ಲಿ ಪದ್ಮಶ್ರೀ ಬಂದಿತು. 2025ರ ನವೆಂಬರಿನಲ್ಲಿ ಶತಾಯುಷ್ಯವನ್ನು ದಾಟಿದ ಆ ತಾಯಿ ಕಣ್ಮುಚ್ಚಿದರು. 'ಸಾಲುಮರದ' ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು, ಆದರೆ ಮರ ನೆಡುವಾಗ ಅವರಿಗೆ ಬಿರುದಿನ ಕನಸೂ ಇರಲಾರದು. ಕಾಯಕವೆಂಬ ಪದವನ್ನು ನಾವು ಪಾಠ ಹೇಳುತ್ತೇವೆ. ಆ ದಂಪತಿಗಳು ಅದನ್ನು ಹೆಗಲ ಮೇಲೆ ಹೊತ್ತರು.

ಇನ್ನು ಯಾವ ಮರ ಎಂಬ ಪ್ರಶ್ನೆ. ಉಚಿತವಾಗಿ ಬಂದಿತೆಂದು ಯಾವ ಸಸಿಯನ್ನಾದರೂ ನೆಡಬಹುದೇ? ಕೂಡದು. ಈ ವಿಷಯದಲ್ಲಿ ನಮ್ಮ ಉತ್ತರ ಕರ್ನಾಟಕದ ರೈತರು ದೊಡ್ಡ ಪಾಠವೊಂದನ್ನು ಕಲಿಸಿದ್ದಾರೆ. 1984ರಲ್ಲಿ ಸರ್ಕಾರದ ಪಾಲು ಮತ್ತು ಖಾಸಗಿ ಕಾರ್ಖಾನೆಯ ಪಾಲು ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯಾಯಿತು. ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿಯನ್ನು ಬೆಳೆಸುವುದು ಅದರ ಉದ್ದೇಶ. ದನ ಮೇಯುತ್ತಿದ್ದ, ಬಡವರು ಸೌದೆ ಸೊಪ್ಪು ತರುತ್ತಿದ್ದ ನೆಲವದು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನರು ಸೇರಿ 'ಕಿತ್ತಿಕೊ ಹಚ್ಚಿಕೊ' ಎಂಬ ಸತ್ಯಾಗ್ರಹವನ್ನು ನಡೆಸಿದರು. ಹಚ್ಚುವುದೆಂದರೆ ಆ ಸೀಮೆಯ ಮಾತಿನಲ್ಲಿ ನೆಡುವುದು. ಸಾಂಕೇತಿಕವಾಗಿ ಕೆಲವು ನೀಲಗಿರಿ ಸಸಿಗಳನ್ನು ಕಿತ್ತು, ಜನರಿಗೂ ದನಕರುಗಳಿಗೂ ಉಪಯೋಗಕ್ಕೆ ಬರುವ ಮರಗಳ ಸಸಿಗಳನ್ನು ಆ ಎಡೆಯಲ್ಲಿ ನೆಟ್ಟರು. ಶಿವರಾಮ ಕಾರಂತರಂಥ ಹಿರಿಯರು ಈ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಒಯ್ದಿದ್ದರು. 1991ರಲ್ಲಿ ಆ ಕಂಪನಿಯು ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಆಜ್ಞೆ ಹೊರಡಿಸಿತು. ಕುಸನೂರಿನವರು ಕಿತ್ತಷ್ಟಕ್ಕೆ ನಿಲ್ಲಿಸಿದ್ದರೆ ಅದು ಬರಿಯ ಪ್ರತಿಭಟನೆಯಾಗುತ್ತಿತ್ತು. ಕೈಯಲ್ಲಿ ಬೇರೊಂದು ಸಸಿಯನ್ನು ಹಿಡಿದು ಹೋದರೆಂಬುದೇ ಅದರ ಹೆಚ್ಚಳ.

ನೀಲಗಿರಿಯು ತನ್ನ ನಾಡಾದ ಆಸ್ಟ್ರೇಲಿಯದಲ್ಲಿ ಒಳ್ಳೆಯ ಮರವೇ. ಅಲ್ಲಿ ಅದನ್ನು ತಿನ್ನುವ ಪ್ರಾಣಿಗಳುಂಟು, ಅದರೊಡನೆ ಬೆಳೆಯುವ ಗಿಡಗಳುಂಟು. ಇಲ್ಲಿ ಅದರ ಎಲೆಯನ್ನು ದನವೂ ಮುಟ್ಟದು, ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಹುಟ್ಟದು. ನಾಡಮರದ ಬಾಳ್ವೆಯೇ ಬೇರೆ. ಆಲ, ಅರಳಿ, ಅತ್ತಿಗಳ ಹೂವು ಕಾಯಿಯ ಒಳಗೇ ಅಡಗಿರುತ್ತದೆ. ಒಂದೊಂದು ಜಾತಿಗೂ ಅದರದೇ ಆದ ಕಿರುಕಣಜವೊಂದು ಒಳಹೊಕ್ಕು ಪರಾಗವನ್ನು ಮುಟ್ಟಿಸದೆ ಬೀಜ ಕಟ್ಟುವುದಿಲ್ಲ. ಬೇರೆ ಹಣ್ಣುಗಳಿಲ್ಲದ ಕಾಲದಲ್ಲಿಯೂ ಯಾವುದಾದರೊಂದು ಆಲವೋ ಅತ್ತಿಯೋ ಹಣ್ಣು ಬಿಟ್ಟಿರುತ್ತದೆ. ಹಕ್ಕಿ ಬಾವಲಿಗಳಿಗೆ ಅದೇ ಪ್ರಸಾದ. ಹೀಗೆ ಯುಗಯುಗಗಳಿಂದ ಬೆಸೆದ ಬಂಧುತ್ವವನ್ನು ಹೂವಿನ ಅಂದಕ್ಕಾಗಿ ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್ ತುಂಬಿಕೊಡಲಾರದು. ಹುಣಿಸೆಯೂ ಮೂಲತಃ ಆಫ್ರಿಕದ್ದೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಅದು ಬಹು ಪುರಾತನ ಕಾಲದಲ್ಲಿಯೇ ಬಂದು ನಮ್ಮ ಅಡುಗೆಮನೆಯನ್ನೇ ಸೇರಿಬಿಟ್ಟಿದೆ. ಅದನ್ನು ಪರದೇಶದ್ದೆಂದು ಕೀಳಹೋಗುವ ಮಡಿವಂತಿಕೆ ನನಗಿಲ್ಲ.

ನೆಲವನ್ನು ನೋಡಿ ಮರವನ್ನು ಆರಿಸಬೇಕು. ಎರೆನೆಲಕ್ಕೆ ಬೇವು, ಬನ್ನಿ, ಜಾಲಿ. ಕೆಮ್ಮಣ್ಣಿಗೆ ಹೊಂಗೆ, ಇಪ್ಪೆ, ಬಿಲ್ವ. ನೀರಿನ ಪಸೆಯಿದ್ದಲ್ಲಿ ನೇರಳೆ, ಅತ್ತಿ, ಮತ್ತಿ. ಕೆರೆಯಂಗಳದ ಅಂಚಿನಲ್ಲಿ ಹೊಂಗೆ ಚೆನ್ನು. ಏರಿಯ ಮೇಲೆ ಮಾತ್ರ ಆಲ ಅರಳಿಗಳು ಬೇಡ, ಬೇರು ಬಲಿತು ಏರಿಯನ್ನು ಸೀಳುತ್ತವೆ. ಮತ್ತೊಂದು ಎಚ್ಚರಿಕೆ. ಮರವಿಲ್ಲದ ನೆಲವೆಲ್ಲ ಹಾಳುನೆಲವಲ್ಲ. ಕುರುಬರ ಕುರಿಗಳು ಮೇಯುವ ಹುಲ್ಲುಗಾವಲನ್ನು ಪರೋಪಕಾರದ ಹೆಸರಿನಲ್ಲಿ ಸಸಿಯಿಂದ ತುಂಬಿಬಿಡುವುದು ಒಬ್ಬರ ಅನ್ನವನ್ನು ಕಸಿದು ಇನ್ನೊಬ್ಬರಿಗೆ ಬಡಿಸಿದಂತೆ. ರಾಣೆಬೆನ್ನೂರಿನ ಬಯಲಿನಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲೇ ನೀಲಗಿರಿಯ ತೋಪಾದುದನ್ನು ಹಾವೇರಿ ಸೀಮೆಯವರು ಬಲ್ಲರು. ಗೋಮಾಳದಲ್ಲಿ ನೆಡುವ ಮೊದಲು ಅಲ್ಲಿ ದನ ಕುರಿ ಕಾಯುವವರನ್ನು ಕೇಳಬೇಕು. ಅನಂತರ ಪಂಚಾಯಿತಿಯ ಠರಾವನ್ನು ಪಡೆಯಬೇಕು. ಇದ್ದ ಕಾಡನ್ನು ಉಳಿಸುವುದು ನೆಡುವುದಕ್ಕಿಂತಲೂ ಮೊದಲಿನ ಕರ್ತವ್ಯವೆಂಬುದನ್ನೂ ಇಲ್ಲಿ ಹೇಳಬೇಕು. ಗದುಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳು ಔಷಧ ಸಸ್ಯಗಳ ನೆಲೆಯಾದ ಕಪ್ಪತಗುಡ್ಡಕ್ಕಾಗಿ ಜನರೊಡನೆ ಬೀದಿಗಿಳಿದುದು ನಮ್ಮ ಕಣ್ಣೆದುರಿನ ಸಂಗತಿ. ಅವರು 2018ರಲ್ಲಿ ಲಿಂಗೈಕ್ಯರಾದರು. 2019ರಲ್ಲಿ ಆ ಗುಡ್ಡವು ವನ್ಯಜೀವಿಧಾಮವಾಯಿತು.

ಸಸಿ ಬರುವುದು ಬೀಜದಿಂದ, ಬೀಜ ಬರುವುದು ತಾಯಿಮರದಿಂದ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು, ಹಾಲಕ್ಕಿ ಜನಾಂಗದ ತಾಯಿ, ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದವರು. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವ ಹೊತ್ತಿನಲ್ಲಿ ಆಯಬೇಕು ಎಂಬುದನ್ನು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ನಿಂತು ಪದ್ಮಶ್ರೀಯನ್ನು ಸ್ವೀಕರಿಸಿದರು; 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಈ ವಿದ್ಯೆ ಹೊಸದಲ್ಲ. ಕ್ರಿ. ಶ. 1025ರ ಸುಮಾರಿನಲ್ಲಿ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಇಟ್ಟಿದ್ದಾನೆ. ಇಂದಿನ ನಮ್ಮ ಹುಡುಗರಾದರೋ ದಿನವೂ ಪತ್ರೆಯನ್ನು ಏರಿಸುತ್ತಾರೆ. ಬಿಲ್ವದ ಮರವನ್ನು ತೋರಿಸೆಂದರೆ ತಡವರಿಸುತ್ತಾರೆ. ಪೇಟೆಯಿಂದ ಪತ್ರೆ ತರುವ ಮನೆಗಳು ಹೆಚ್ಚಿದ ಮೇಲೆ ಇದು ಆಶ್ಚರ್ಯವೂ ಅಲ್ಲ.

ಈಗ ಕಾರ್ಯದ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಗುಣಿಯನ್ನು ಬೇಸಗೆಯಲ್ಲಿಯೇ ತೋಡಬೇಕು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಮೇಲುಮಣ್ಣನ್ನು ಬೇರೆಯಾಗಿಟ್ಟು, ಕೊಳೆತ ಗೊಬ್ಬರದೊಡನೆ ಬೆರೆಸಿ, ಅದನ್ನೇ ಒಳಗೆ ತುಂಬಬೇಕು. ಜೂನ್ 5ರಂದೇ ನೆಡಬೇಕೆಂಬ ಹಟ ಬೇಡ. ಮೃಗಶಿರೆಯೋ ಆರಿದ್ರೆಯೋ, ನೆಲ ಒಂದು ಮೊಳದಷ್ಟು ನೆನೆದ ಮೇಲೆ ನೆಟ್ಟುದೇ ಸುಮುಹೂರ್ತ. ಸಸಿಯ ಪ್ಲಾಸ್ಟಿಕ್ ಚೀಲವನ್ನು ಸೀಳಿ ತೆಗೆಯದೆ ನೆಡುವವರನ್ನು ನಾನು ನೋಡಿದ್ದೇನೆ. ಬೇರಿಗೆ ದಾರಿಯನ್ನೇ ಮುಚ್ಚಿ ಮೇಲೆ ನೀರು ಸುರಿದರೆ ಫಲವೇನು? ಬಹುದಿನ ಚೀಲದಲ್ಲಿಯೇ ಉಳಿದ ಸಸಿಯ ಬೇರುಗಳು ಒಳಗೊಳಗೇ ಸುತ್ತಿಕೊಂಡಿರುತ್ತವೆ. ಅಂಥದನ್ನು ದಾನವಾಗಿ ಬಂದರೂ ಒಪ್ಪಿಕೊಳ್ಳಬಾರದು, ಇಲ್ಲವೇ ಆ ಸುತ್ತುಗಳನ್ನು ಬಿಡಿಸಿ ನೆಡಬೇಕು. ನೀರಿನ ಅಭಾವವಿರುವಲ್ಲಿ ತಳದಲ್ಲಿ ಸಣ್ಣ ರಂಧ್ರವಿರುವ ಮಣ್ಣಿನ ಮಡಕೆಯೊಂದನ್ನು ಸಸಿಯ ಪಕ್ಕದಲ್ಲಿ ಹೂತು ತುಂಬಿಸಿಟ್ಟರೆ ಹನಿಹನಿಯಾಗಿ ಇಳಿಯುತ್ತದೆ.

ಮೂರು ಬೇಸಗೆಗಳನ್ನು ದಾಟಿದ ಸಸಿಯು ಸಾಮಾನ್ಯವಾಗಿ ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. 2011ರಲ್ಲಿ ಅರಣ್ಯ ಇಲಾಖೆಯು ರೈತರ ಜಮೀನಿಗೆಂದು ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿಯೂ ಹಣವನ್ನು ನೆಟ್ಟುದಕ್ಕಲ್ಲದೆ, ಬದುಕಿ ಉಳಿದುದಕ್ಕೆ ಮೂರು ವರ್ಷ ಕೊಡುವುದೆಂಬ ನಿಯಮವನ್ನು ಇಟ್ಟಿದ್ದರು. ಇದು ವಿವೇಕದ ಮಾತು. ಆದಕಾರಣ ಊರಿನಲ್ಲಿ ಸರದಿಯ ಪಟ್ಟಿಯನ್ನು ಒಂದು ಬೇಸಗೆಗೆ ಮಾಡದೆ ಮೂರು ಬೇಸಗೆಗೂ ಸೇರಿಸಿ ಮಾಡಬೇಕು. ಓಣಿಗೆ ಇಂತಿಷ್ಟು ಸಸಿಯೆಂದು ಹಂಚಿಬಿಡಬೇಕು. ಇಡೀ ಊರಿಗೆ ಸೇರಿದುದೆಂದರೆ ಯಾರಿಗೂ ಸೇರದುದೆಂದೇ ಅರ್ಥವಾಗುತ್ತದೆ. ಸತ್ತ ಸಸಿಯ ಗುಣಿಯನ್ನು ಮುಚ್ಚದೆ ಬಿಟ್ಟರೆ ಮರುವರ್ಷದ ಮಳೆಗೆ ಅದರಲ್ಲಿಯೇ ಇನ್ನೊಂದನ್ನು ನೆಡಬಹುದು.

ಬೇವಿನ ಬೀಜವು ಉದುರಿದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹಣ್ಣು ಬಿದ್ದ ಕೂಡಲೆ ಆಯ್ದು ಬಿತ್ತಬೇಕು. ಬಿಲ್ವದ ಕಾಯಿ ಬೇಸಗೆಯಲ್ಲಿ ಮಾಗುತ್ತದೆ. ಮುಂದಿನ ಮಳೆಗಾಲಕ್ಕೆ ಸಸಿ ಮಾಡಬೇಕೆನ್ನುವವರು ತಮ್ಮ ಊರಿನ ಹಳೆಯ ಬಿಲ್ವದ ಮರವು ಎಲ್ಲಿದೆಯೆಂದು ಈಗಲೇ ಹಿರಿಯರನ್ನು ಕೇಳಿ ಗುರುತಿಟ್ಟುಕೊಳ್ಳಿರಿ.